ಸ್ಟಾರ್ ಬೋರ್ಡಿಗೆ ಒಂದೇ ಸ್ವಿಚ್ಚು

ಹುಬ್ಬಳ್ಳಿಯ ಅಂದಾನೆಪ್ಪ ಸಾಹುಕಾರರಿಗೆ ತಮ್ಮ ಕಾಂಪ್ಲೆಕ್ಸಿನ ಬಾಗಿಲಿಗೆ ಕರೆಂಟ್ ಉಳಿಸುವ ಕಟ್ಟಡಗಳಿಗೆ ಸರ್ಕಾರ ಕೊಡುವ ಸ್ಟಾರ್ ಬೋರ್ಡು ಬೇಕಾಗಿತ್ತು. ಅದಿದ್ದರೆ ಮಾತ್ರ ಬಾಡಿಗೆಗೆ ಬರುತ್ತೇವೆಂದು ಬ್ಯಾಂಕಿನವರು ಹೇಳಿದ್ದರು.

"ಇವತ್ತ ತಪಾಸಣಿ ಸಾಹೇಬ್ರು ಬರ್ತಾರ. ಮೀಟರ್ ಅರ್ಧಕ್ಕ ಇಳೀಬೇಕು. ಮ್ಯಾಲಿನ ಹೊಲಿಗಿ ಹೆಣ್ಮಕ್ಕಳ ಫ್ಯಾನ್ ಬಂದ್ ಮಾಡು" ಎಂದು ಎಲೆಕ್ಟ್ರಿಷಿಯನ್ ಫಕೀರಪ್ಪನಿಗೆ ಹುಕುಂ ಮಾಡಿದರು.

ಫಕೀರಪ್ಪನಿಗೆ ಮೈಯೆಲ್ಲ ಉರಿಯಿತು. ಮೇ ತಿಂಗಳು. ಮೇಲಂತಸ್ತಿನ ತಗಡಿನ ಕೆಳಗೆ ಕೂತು ಬಟ್ಟೆ ಹೊಲಿಯುವ ಇಪ್ಪತ್ತು ಹೆಂಗಸರ ಗಾಳಿ ಕಸಿಯುವ ಮಾತನ್ನು ಈ ಮನುಷ್ಯ ತನ್ನ ಕೋಣೆಯಲ್ಲಿ ನಾಲ್ಕು ಎಸಿ ಹಾಕಿಕೊಂಡು, ಚಳಿಗೆ ಶಾಲು ಹೊದ್ದು ಹೇಳುತ್ತಿದ್ದ.

"ಇಳಿಸ್ತೀನ್ರಿ" ಎಂದಷ್ಟೇ ಹೇಳಿ ಹೊರಬಿದ್ದ.

ಸಾಹೇಬರು ಬಂದು ಮೀಟರ್ ನೋಡಿ, "ಇಷ್ಟು ಉರಿಸಿದ್ರ ಬೋರ್ಡು ಸಿಗಂಗಿಲ್ಲ" ಎಂದರು. ಫಕೀರಪ್ಪ ಒಂದೇ ಒಂದು ಸ್ವಿಚ್ಚು ಕೆಳಗೆಳೆದ. ಮೀಟರ್ ಅರ್ಧಕ್ಕಿಂತ ಕೆಳಗಿಳಿಯಿತು.

"ಏನ್ ಬಂದ್ ಮಾಡಿದಿ?" ಎಂದು ಸಾಹೇಬರು ಕೇಳಿದರು.

ಅಷ್ಟರಲ್ಲಿ ಸಾಹುಕಾರರು ಶಾಲು ಕಿತ್ತೆಸೆದು, ಬೆವರು ಒರೆಸುತ್ತ ಓಡಿಬಂದರು.

"ಇವರ ಕೋಣಿದು ನಾಕು ಎಸಿ ಅಷ್ಟರೀ" ಎಂದ ಫಕೀರಪ್ಪ. "ಮ್ಯಾಲಿನ ಫ್ಯಾನ್ ಎಲ್ಲಾ ತಿರಗಾಕತ್ತಾವು, ಬೇಕಾದ್ರ ನೋಡ್ರಿ."

ಸಾಹೇಬರು ಮೇಲೆ ಹೋಗಿ ನೋಡಿದರು. ಆ ನಾಲ್ಕು ಎಸಿ ಕಿತ್ತರೆ ಮಾತ್ರ ಬೋರ್ಡು ಎಂದು ಬರೆದುಕೊಟ್ಟರು.

ಈಗ ಬಾಗಿಲಲ್ಲಿ ಬೋರ್ಡು ಹೊಳೆಯುತ್ತದೆ. ಸಾಹುಕಾರರ ತಲೆಯ ಮೇಲೆ ಒಂದು ಫ್ಯಾನ್ ತಿರುಗುತ್ತದೆ.