ಒಲೆ ಏರದೆಯೇ ಕೂಗಿದ ಕುಕ್ಕರು

ಹೆಣ್ಣುಮಕ್ಕಳ ಬಾಲಮಂದಿರವೊಂದರ ಅಡುಗೆಮನೆಯಲ್ಲಿ ಅನ್ನದ ಕೊಪ್ಪರಿಗೆಯ ಪಕ್ಕ ಹೊಸ ಕುಕ್ಕರೊಂದು ಕುಳಿತಿತ್ತು. ಹದಿನೆಂಟು ತುಂಬಿ, ನಿಯಮದಂತೆ ಅಂದು ಮಂದಿರ ಬಿಟ್ಟು ಹೊರಡಲಿದ್ದ ನಾಗವೇಣಿಗೆ ಅದು ಬೀಳ್ಕೊಡುಗೆಯ ಉಡುಗೊರೆ.

“ಅಜ್ಜಿ, ನಾಗವೇಣಿ ಅಡುಗೆ ಚೆನ್ನಾಗಿ ಮಾಡುತ್ತಾಳೆಯೇ?” ಎಂದು ಕುಕ್ಕರು ಹಳೆಯ ಕೊಪ್ಪರಿಗೆಯನ್ನು ಕೇಳಿತು.

“ಅಡುಗೆಯೇ? ಮಕ್ಕಳು ಈ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಅವಳು ಪುಟ್ಟ ಮಗುವಾಗಿದ್ದಾಗಿನಿಂದ ಉಣ್ಣಿಸಿದ್ದೇನೆ. ಒಮ್ಮೆಯೂ ಅವಳ ಕೈಗೆ ಬಿಸಿ ತಾಗಿಲ್ಲ,” ಎಂದು ಕೊಪ್ಪರಿಗೆ ಹೆಮ್ಮೆಯಿಂದ ಹೇಳಿತು.

“ಹಾಗಾದರೆ ನಾಳೆ ಬಾಡಿಗೆ ಕೋಣೆಯಲ್ಲಿ ಅವಳಿಗೆ ಅನ್ನ ಬೇಯಿಸುವವರು ಯಾರು?”

“ಅವಳೇ. ಈಗ ದೊಡ್ಡವಳಾದಳಲ್ಲ.”

ಒಲೆ ಏರದೆಯೇ ಕುಕ್ಕರು ಕೂಗಿತು. “ನಿನ್ನೆಯವರೆಗೆ ಮಗು, ಇವತ್ತು ದೊಡ್ಡವಳೇ? ಕೈ ಸುಟ್ಟುಕೊಳ್ಳುವುದಿದ್ದರೆ ಇಲ್ಲೇ ಸುಟ್ಟುಕೊಳ್ಳಬೇಕಿತ್ತು, ಅಜ್ಜಿ! ಇಲ್ಲಿ ಮುಲಾಮು ಹಚ್ಚುವವರಿದ್ದರು. ಅಲ್ಲಿ ಯಾರಿದ್ದಾರೆ? ನಿಮ್ಮ ಹೆಸರು ಕೆಡಬಾರದೆಂದು ಅವಳ ಕೈ ಕಟ್ಟಿಹಾಕಿದಿರಿ!”

ಅಷ್ಟರಲ್ಲಿ ಮೇಲ್ವಿಚಾರಕಿ ಬಂದು ಕುಕ್ಕರನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ನಿಂತಿದ್ದ ನಾಗವೇಣಿಯ ಕೈಗಿತ್ತರು. ಬೀಳ್ಕೊಡಲು ಸೇರಿದ್ದ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರ ಮುಚ್ಚಳ ತೆಗೆಯೋದು ಹೇಗೆ, ಮೇಡಂ?” ಎಂದಳು.

“ಅದೇನು ಮಹಾ ವಿದ್ಯೆ! ಹೋಗ್ತಾ ಹೋಗ್ತಾ ತಾನಾಗೇ ಗೊತ್ತಾಗುತ್ತೆ,” ಎಂದು ಮೇಲ್ವಿಚಾರಕಿ ನಕ್ಕರು.

ಆ ಮಾತು ಕೊಪ್ಪರಿಗೆಗೂ ಕೇಳಿಸಿತು. ಅದು ಮೊದಲ ಸಲ ತಲೆ ತಗ್ಗಿಸಿತು. ಹೊಸ್ತಿಲ ಬಳಿ, ಮುಂದಿನ ವರ್ಷ ಹೊರಡಬೇಕಾದ ಹುಡುಗಿಯೊಬ್ಬಳು ಒಲೆಯತ್ತ ಇಣುಕುತ್ತಿದ್ದಳು.

“ಏಯ್, ಆಚೆ ಹೋಗು!” ಎಂದು ಅಡುಗೆಯಾಕೆ ಗದರಿದಳು. “ಕೈ ಸುಡುತ್ತೆ!”