ತಂಗಿ ಕೊಟ್ಟ ಟೊಮೆಟೊ ಬೀಜ

"ಗುರುಗಳೇ, ಮಗಳು ಚಿಕ್ಕಂದಿನಿಂದ ನನ್ನ ಹತ್ತಿರವೇ ಸಂಗೀತ ಕಲಿತಿದ್ದಾಳೆ. ಇವತ್ತಿಗೂ ನಾನು ಹಾಡಿದ ಹಾಗೆ ಹಾಡುವುದಿಲ್ಲ. ಇನ್ನು ಸಾಕು, ತಂಬೂರಿ ಎತ್ತಿಡು ಎಂದು ಹೇಳಿಬಿಡಲೇ?"

ಕೇಳಿದವನು ರೇವಣಸಿದ್ಧಯ್ಯ, ಗುರುಗಳ ಹಳೆಯ ಶಿಷ್ಯ. ಹೇಳಿಬಿಡಬೇಕೆಂದು ಅವನು ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು. ಅವರು ಹೂಂ ಎನ್ನಲಿಲ್ಲ, ಕತೆ ಹೇಳಿದರು.

ಒಬ್ಬ ರೈತನಿದ್ದ. ಹಿತ್ತಲಿನಲ್ಲಿ ಒಂದು ಕಳೆಯೂ ಏಳಲು ಬಿಡದವನು. ಗಿಡದ ವಿಷಯದಲ್ಲಿ ಅವನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವನು ಕೇಳುವವನೂ ಅಲ್ಲ. ಅವನ ತಂಗಿ ಗಂಡನ ಮನೆಯಿಂದ ಬರುವಾಗ ಟೊಮೆಟೊ ಬೀಜ ತಂದುಕೊಟ್ಟಳು. ಅವಳ ಅತ್ತೆ, ಅತ್ತೆಯ ಅತ್ತೆ ವರ್ಷವರ್ಷವೂ ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದ ತಳಿ ಅದು. ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ರೈತ ಸಸಿ ಮಾಡಿದ, ಗೊಬ್ಬರ ಕೊಟ್ಟ, ಕೋಲು ನೆಟ್ಟು ಕಟ್ಟಿದ. ಗಿಡದ ತುಂಬ ಕಾಯಿ ಬಿಟ್ಟವು. ಹಸಿರು ಕಾಯಿ ಹಳದಿಗೆ ತಿರುಗಿದವು. ಇನ್ನು ಕೆಂಪಾಗುತ್ತವೆ ಎಂದು ಕಾದ. ಆಗಲಿಲ್ಲ. ಹೆಂಡತಿ ಒಂದನ್ನು ಅದುಮಿ ನೋಡಿ, ಮೆತ್ತಗಿದೆ, ಸಾರಿಗೆ ಹಾಕಲೇ ಎಂದಳು. ಕೆಂಪಾಗುವ ತನಕ ಮುಟ್ಟಬೇಡ ಎಂದು ಗದರಿದ. ಅವು ಬಿರಿದು ಉದುರತೊಡಗಿದವು. ಏನೋ ರೋಗ ಬಡಿದಿದೆ, ಪಕ್ಕದ ಬದನೆಗೂ ಹತ್ತೀತು ಎಂದು ಹೆದರಿ ಗಿಡಗಳನ್ನೆಲ್ಲ ಕಿತ್ತು, ಉದುರಿದ್ದನ್ನೂ ಗುಡಿಸಿ ಸುಟ್ಟುಹಾಕಿದ. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಿದ.

ಮುಂದಿನ ಬಿತ್ತನೆಯ ಹೊತ್ತಿಗೆ ತಂಗಿ ಬಂದಳು. ಅವಳು ಎತ್ತಿಟ್ಟ ಬೀಜವನ್ನು ಇಲಿ ತಿಂದಿತ್ತು. ಅಣ್ಣನ ಹತ್ತಿರ ಇದ್ದೇ ಇರುತ್ತದೆ ಎಂಬ ಧೈರ್ಯದಿಂದ ಕೇಳಿದಳು.

"ಬೀಜ ಎಲ್ಲಿಂದ ಬರಬೇಕು? ಹಣ್ಣೇ ಆಗಲಿಲ್ಲ. ಎಲ್ಲ ಹಳದಿಯಲ್ಲೇ ನಿಂತುಹೋದವು," ಎಂದ ಅಣ್ಣ.

ತಂಗಿ ಜಗಲಿಯ ಮೇಲೆ ಕುಳಿತುಬಿಟ್ಟಳು. "ಅದರ ಹಣ್ಣೇ ಹಳದಿ, ಅಣ್ಣ."

ಗುರುಗಳು ಕತೆ ನಿಲ್ಲಿಸಿದರು. ರೇವಣಸಿದ್ಧಯ್ಯನಿಗೆ ಆ ತಂಗಿಯನ್ನು ನೆನೆದು ಸಂಕಟವಾಯಿತು, ರೈತನ ಮೇಲೆ ಸಿಟ್ಟೂ ಬಂತು. ಎಂಥ ದಡ್ಡ, ಒಂದನ್ನು ಬಾಯಿಗೆ ಹಾಕಿ ನೋಡಿದ್ದರೆ ಆಗುತ್ತಿತ್ತಲ್ಲ ಎಂದ.

"ಮಗಳು ಹಾಡುವಾಗ ನೀನು ಕೇಳುತ್ತಿದ್ದದ್ದು ಅವಳನ್ನೋ, ನಿನ್ನನ್ನೋ?" ಎಂದರು ಗುರುಗಳು.