ಕೀಲಿಗೆ ಕಟ್ಟಿದ ಉಕ್ಕಿನ ಪಟ್ಟಿ

ನದಿಯ ದಂಡೆಯಲ್ಲಿ ಒಂದು ಆಶ್ರಮ. ಅದರ ಗುರು ಹಂಪವ್ವ. ಆಶ್ರಮಕ್ಕೊಂದು ಮುದಿ ಪಿಕಪ್ ಗಾಡಿ.

ಎದುರಿನ ಗುಡ್ಡದ ಮೇಲಿನ ಊರಿಗೆ ಅಡುಗೆ ಹೊತ್ತು ಹತ್ತುತ್ತಿದ್ದದ್ದು ಅದೇ. ಅಲ್ಲಿಂದ ಬಸುರಿಯರನ್ನು ಕೆಳಗೆ ತರುತ್ತಿದ್ದದ್ದೂ ಅದೇ. ಕೆಟ್ಟಾಗೆಲ್ಲ ಹಂಪವ್ವ ತಾವೇ ಬಿಚ್ಚಿ, ತಾವೇ ಜೋಡಿಸುತ್ತಿದ್ದರು.

ಈಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಗಾಡಿ ಹೊಗೆ ಉಗುಳಿ ನಿಂತಿತ್ತು. ಪೇಟೆಯ ಮೇಸ್ತ್ರಿಗಳು ಬಂದು, "ಇದರ ಸಾಮಾನು ಈಗ ಸಿಗಂಗಿಲ್ಲ" ಎಂದು ಕೈ ಒರೆಸಿಕೊಂಡು ಹೋಗಿದ್ದರು.

ಶಿಷ್ಯೆ ಕಾಳವ್ವ ಕಮ್ಮಾರರ ಮಗಳು. ಅಪ್ಪನ ಕುಲುಮೆಯಲ್ಲಿ ತಿದಿ ಊದಿ ಬೆಳೆದವಳು.

"ನಾ ಮಾಡ್ತೀನ್ರಿ ಅವ್ವಾರ" ಎಂದಳು.

"ಹುಣ್ಣಿಮೆಗೆ ಗುಜರಿ ದಸ್ತಗೀರಸಾಬರು ಬರ್ತಾರ" ಎಂದರು ಹಂಪವ್ವ. "ಅವತ್ತು ನೀ ಇದನ್ನ ಗುಡ್ಡ ಹತ್ತಿಸಿದರ ಕೀಲಿ ನಿನಗ. ಇಲ್ಲಂದ್ರ ಗಾಡಿ ಅವರಿಗೆ."

ಕೀಲಿ ಅವರ ಸೊಂಟದಲ್ಲಿ ತೂಗುತ್ತಿತ್ತು. ಅದರ ಜೊತೆ, ಎಲೆಯಷ್ಟು ತೆಳ್ಳಗಿನ ಒಂದು ಉಕ್ಕಿನ ಪಟ್ಟಿ.

"ಆ ಪಟ್ಟಿ ಯಾಕ್ರಿ ಕಟ್ಟೀರಿ?"

"ಅದು ಪಟ್ಟಿ ಅಲ್ಲ. ಖಾಲಿ ಜಾಗ."

ಕಾಳವ್ವನಿಗೆ ತಿಳಿಯಲಿಲ್ಲ. ತಿಳಿಯುವಷ್ಟು ಪುರುಸೊತ್ತೂ ಇರಲಿಲ್ಲ.

ಅವಳು ಎಂಜಿನ್ ಬಿಚ್ಚಿದಳು. ಬಿಚ್ಚಿದ್ದನ್ನೆಲ್ಲ ಹಳೆಯ ಸೀರೆಯ ಮೇಲೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಳು. ಎಂಜಿನ್ನಿನ ಉಸಿರು ಬಿಟ್ಟು ಹಿಡಿಯುವ, ಮಸಿ ಕಟ್ಟಿದ ವಾಲ್ವುಗಳನ್ನು ತಿಕ್ಕಿ ತಿಕ್ಕಿ ಅವುಗಳ ಜಾಗಕ್ಕೆ ಬಿಗಿಯಾಗಿ ಕೂರಿಸಿದಳು. ಮೇಲ್ಮುಚ್ಚಳದ ಪ್ಯಾಕಿಂಗ್ ಹರಿದಿತ್ತು. ದಪ್ಪ ಕಾಗದದ ಮೇಲೆ ಗೆರೆ ಎಳೆದು ಹೊಸದನ್ನು ತಾನೇ ಕತ್ತರಿಸಿದಳು. ಊಟಕ್ಕೆ ಕರೆದರೆ ಎಣ್ಣೆಗೈಯಲ್ಲೇ ರೊಟ್ಟಿ ಹಿಡಿದು ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದಳು.

ಹುಣ್ಣಿಮೆಯ ಹಿಂದಿನ ದಿನ ಹಂಪವ್ವನಿಂದ ಕೀಲಿ ಕೇಳಿ ತಂದು ತಿರುವಿದಳು. ಗಾಡಿ ಕೆಮ್ಮಿತು, ನಡುಗಿತು, ಶುರುವಾಯಿತು. ಕಾಳವ್ವನ ಎದೆ ಅದಕ್ಕಿಂತ ಜೋರಾಗಿ ಬಡಿದುಕೊಂಡಿತು. ಅವಳು ಗಾಡಿಯ ಸುತ್ತ ಓಡಿದಳು. ಅದರ ಮುಸುಡಿ ಸವರಿದಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಒಂದೇ ಕೊರತೆ. ಎಂಜಿನ್ನಿನ ತಲೆಯಲ್ಲಿ ಟಿಕ್ ಟಿಕ್ ಎಂಬ ಸದ್ದು.

ಧ್ಯಾನದ ಪಡಸಾಲೆಯಿಂದ ಯಾರೋ ಕೂಗಿದರು. "ಕಾಳವ್ವಾ, ಇದು ಆಶ್ರಮ ಐತೋ, ನಿಮ್ಮಪ್ಪನ ಕುಲುಮಿ ಐತೋ?"

ಆ ಮಾತು ಅವಳಿಗೆ ನಾಟಿತು. ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿದಳು. ಪ್ರತಿ ವಾಲ್ವಿನ ತಲೆಗೂ ಅದನ್ನು ಒತ್ತುವ ತೋಳಿಗೂ ನಡುವೆ ಸಣ್ಣದೊಂದು ಸಂದು. ತೋಳು ಆ ಸಂದು ದಾಟಿ ಬಡಿದಾಗೆಲ್ಲ ಟಿಕ್.

"ಸಿಕ್ಕಿಬಿದ್ದಿ" ಎಂದಳು. ಒಂದೊಂದೇ ತಿರುಪು ಬಿಗಿದು ಎಲ್ಲ ಸಂದುಗಳನ್ನೂ ಮುಚ್ಚಿದಳು.

ಮತ್ತೆ ಕೀಲಿ ತಿರುವಿದರೆ, ತೊಟ್ಟಿಲು ತೂಗಿದ ಹಾಗೆ ಮೆತ್ತಗಿನ ಸದ್ದು.

ಹಂಪವ್ವನನ್ನು ಕೈಹಿಡಿದು ಎಳೆದುಕೊಂಡು ಬಂದಳು. "ಕೇಳ್ರಿ ಅವ್ವಾರ."

ಹಂಪವ್ವ ಬಾನೆಟ್ಟಿಗೆ ಕಿವಿ ಹಚ್ಚಿದರು.

"ಭಾಳ ಸುಮ್ಮನಾಗೇತಿ."

"ಹೌದ್ರಿ."

"ನನಗ ಅಂಜಿಕಿ ಬರಾಕತ್ತೇತಿ."

ಕಾಳವ್ವ ನಕ್ಕುಬಿಟ್ಟಳು. ಮುದುಕಿಗೆ ಹೊಗಳಲು ಬರುವುದಿಲ್ಲ ಎಂದುಕೊಂಡಳು.

ಹುಣ್ಣಿಮೆಯ ಬೆಳಿಗ್ಗೆ ಅಡುಗೆಯ ಹಂಡೆಗಳನ್ನು ಹೇರಿ ಹೊರಟರು. ಕಾಳವ್ವ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಹಂಪವ್ವ. ಹಿಂದೆ ತಮ್ಮ ಗಾಡಿಯಲ್ಲಿ ದಸ್ತಗೀರಸಾಬರು.

ಬಯಲಿನಲ್ಲಿ ಪಿಕಪ್ ನೀರಿನಂತೆ ಹರಿಯಿತು. ಗುಡ್ಡದ ಮೊದಲ ತಿರುವನ್ನೂ ಹತ್ತಿತು. ಕಾಳವ್ವನ ಕಣ್ಣು ರಸ್ತೆಗಿಂತ ಹೆಚ್ಚು ಆ ಕೀಲಿಯ ಮೇಲೇ ಇತ್ತು.

ಅರ್ಧ ಗುಡ್ಡದಲ್ಲಿ ಎಳೆತ ಸತ್ತಿತು. ಗೇರು ಇಳಿಸಿದಳು. ಗಾಡಿ ಏದುಸಿರು ಬಿಟ್ಟಿತು, ತಡವರಿಸಿತು, ನಿಂತಿತು. ಎಷ್ಟು ತಿರುವಿದರೂ ಮತ್ತೆ ಶುರುವಾಗಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟಳು.

ದಸ್ತಗೀರಸಾಬರು ಇಳಿದು ಬಂದರು. "ತಂಗೀ, ಹಗ್ಗ ತಂದೀನಿ. ಹೊಸಾದು ಐತಿ."

"ನಿಮ್ಮ ಹಗ್ಗ ನಿಮ್ಮ ಕಡೇನ ಇರ್ಲಿ ಕಾಕಾ" ಎಂದಳು. ಹಂಪವ್ವನ ಕಡೆ ತಿರುಗಿದಳು. "ಅವ್ವಾರ, ನಿನ್ನಿ ಎಷ್ಟ್ ಚಂದ ಇತ್ರಿ. ಒಂದು ಸದ್ದಿರಲಿಲ್ಲ."

ಹಂಪವ್ವ ರಸ್ತೆಯ ಅಂಚಿನ ಬಂಡೆಯ ಮೇಲೆ ಕೂತರು.

"ನಿಮ್ಮಪ್ಪ ಬಂಡಿ ಗಾಲಿಗೆ ಕಬ್ಬಿಣದ ಬಳೆ ಹ್ಯಾಂಗ ಹಾಕತಿದ್ದ?"

"ಈಗ್ಯಾಕ್ರಿ ಅದು?"

"ಹೇಳು."

"ಬೆಂಕ್ಯಾಗ ಹಾಕಿ ಕೆಂಪಗ ಕಾಸ್ತಿದ್ದ. ಕಾದ್ರ ಕಬ್ಬಿಣ ಬೆಳೀತೈತಿ. ತಣ್ಣಗಿದ್ದಾಗ ಕೂಡ್ರದ ಬಳೆ, ಕಾದಾಗ ಸಲೀಸ..."

ಕಾಳವ್ವ ಬಾನೆಟ್ಟಿನ ಕಡೆ ತಿರುಗಿದಳು.

ಗುಡ್ಡ ಹತ್ತುತ್ತ ಎಂಜಿನ್ ಕಾದಿತ್ತು. ಕಾದ ವಾಲ್ವುಗಳು ಬೆಳೆದಿದ್ದವು. ಬೆಳೆಯಲು ಇದ್ದ ಜಾಗವನ್ನು ಅವಳೇ ಮುಚ್ಚಿದ್ದಳು. ವಾಲ್ವುಗಳು ಬಾಯಿ ಮುಚ್ಚಲಾಗದೆ ತೆರೆದೇ ನಿಂತು, ಎಂಜಿನ್ನಿನ ಉಸಿರೆಲ್ಲ ಸೋರಿಹೋಗಿತ್ತು.

ಅವಳು ಓಡಿ ಕೀಲಿ ಕಿತ್ತು ತಂದಳು. ಅದಕ್ಕೆ ಕಟ್ಟಿದ್ದ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಖಾಲಿ ಜಾಗ" ಎಂದಳು. "ಇದರ ದಪ್ಪದಷ್ಟು. ಇಷ್ಟೇ."

ಮುಚ್ಚಳಕ್ಕೆ ಕೈ ಹಾಕಲು ಹೋದಳು.

"ಅದೂ ಆರಲಿ, ನೀನೂ ಆರು" ಎಂದರು ಹಂಪವ್ವ.

ಕಾಳವ್ವ ಕೂತಳು. ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಎಂಜಿನ್ ಮುಟ್ಟಿದಳು, ಬೆರಳು ಸುಟ್ಟುಕೊಂಡು ಮತ್ತೆ ಕೂತಳು. ದಸ್ತಗೀರಸಾಬರು ಬೀಡಿ ಹಚ್ಚಿ, "ಅವ್ವಾರ, ಇಕಿ ಆರೋದು ಕಷ್ಟ ಐತಿ" ಎಂದರು.

ಎಂಜಿನ್ ತಣ್ಣಗಾಯಿತು. ಮುಚ್ಚಳ ತೆಗೆದು, ಎಂಜಿನ್ನನ್ನು ಕೈಯಿಂದ ತಿರುವುತ್ತ, ಒಂದೊಂದೇ ತಿರುಪನ್ನು ಸಡಿಲಿಸಿದಳು. ಪ್ರತಿ ಸಂದಿನಲ್ಲೂ ಪಟ್ಟಿ ತೂರಿಸಿದಳು. ಬಿಗಿದರೆ ಪಟ್ಟಿ ಸಿಕ್ಕಿಕೊಂಡಿತು. ತೀರಾ ಸಡಿಲ ಬಿಟ್ಟರೆ ಜಾರಿಹೋಯಿತು. ಎಳೆದಾಗ ಪಟ್ಟಿ ಸ್ವಲ್ಪವೇ ತಡೆದು ಹೊರಬರುವ ಹದವೊಂದಿತ್ತು. ಆ ಹದ ಬೆರಳಿಗೆ ಸಿಕ್ಕಾಗ ಕಾಳವ್ವನ ಮೈ ಜುಮ್ಮೆಂದಿತು.

ಕೀಲಿ ತಿರುವಿದಳು.

ಟಿಕ್ ಟಿಕ್ ಟಿಕ್.

ಅಷ್ಟು ಚಂದದ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಪಿಕಪ್ ಹತ್ತಿತು. ತಿರುವು ದಾಟಿತು, ಕಡಿದಾದ ಏರು ದಾಟಿತು, ಕಾದಷ್ಟೂ ಹುರುಪಾಗಿ ಎಳೆಯಿತು. ಗುಡ್ಡದ ತುದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಕ್ಕಳು ಹೋ ಎಂದು ಕೂಗಿದರು.

ಹಿಂದೆಯೇ ಬಂದ ದಸ್ತಗೀರಸಾಬರು ಹಗ್ಗ ಎತ್ತಿ ತೋರಿಸಿದರು. "ಇದನ್ನೇನ್ ಮಾಡ್ಲಿ ತಂಗೀ?"

"ಎಮ್ಮಿ ಕಟ್ರಿ ಕಾಕಾ."

ಕಾಳವ್ವ ಗಾಡಿ ನಿಲ್ಲಿಸಿ ಕೀಲಿಯನ್ನು ಎರಡೂ ಕೈಯಲ್ಲಿ ಗುರುವಿನ ಮುಂದೆ ಹಿಡಿದಳು.

ಹಂಪವ್ವ ಮುಟ್ಟಲಿಲ್ಲ. "ಪಟ್ಟಿ ನಿನ್ನದು" ಎಂದರು. "ಕೀಲಿ ಹ್ಯಾಂಗೂ ಅದಕ್ಕ ಕಟ್ಟೇತಿ."

ಕಾಳವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಏನೋ ನೆನಪಾಗಿ ಮುಖ ಸಣ್ಣದಾಯಿತು.

"ಆದ್ರ ಸದ್ದು ಮತ್ತ ಬಂತಲ್ರೀ ಅವ್ವಾರ. ಕೆಳಗ ಧ್ಯಾನಕ್ಕ ಕುಂತವರು ಬೈತಾರ."

ಹಂಪವ್ವ ಹಂಡೆಯ ಮುಚ್ಚಳ ತೆಗೆದು ಸೌಟು ಕೈಗೆತ್ತಿಕೊಂಡರು.

"ಅವರನ್ನೂ ಒಂದಿನ ಗುಡ್ಡ ಹತ್ತಿಸು."